ಒಂದು ಕಕ್ಕಸು, ಹತ್ತು ಸಹಿ

ನಾನು ಚುನಾವಣೆಗೆ ನಿಂತದ್ದು ಒಂದು ಕಕ್ಕಸಿಗಾಗಿ. ಹೀಗೆಂದರೆ ನಮ್ಮವರು ಮೂಗು ಮುರಿಯುತ್ತಾರೆ. ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೇನೆ, ಹೋಗುವವರು ಈಗಲೇ ಎದ್ದು ಹೋಗಬಹುದು.

ನಾವಿರುವುದು ಜರ್ಮನಿಯ ಕಲೋನ್‌ಗೆ ಹತ್ತಿರದ ಒಂದು ಸಣ್ಣ ಊರಲ್ಲಿ. ಟ್ರಾಮ್ ದಾರಿ ಮುಗಿಯುವಲ್ಲಿ ಒಂದು ಚೌಕ, ಅಲ್ಲಿ ಶನಿವಾರ ಶನಿವಾರ ತರಕಾರಿ ಸಂತೆ. ಚೌಕದ ಮೂಲೆಯಲ್ಲಿ ಒಂದು ಸಾರ್ವಜನಿಕ ಶೌಚಾಲಯವಿತ್ತು. ಒಂದು ದಿನ ಅದಕ್ಕೆ ಬೀಗ ಬಿತ್ತು, ಬಾಗಿಲಿಗೆ ‘ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಫಲಕ ಬಂತು. ಈ ದೇಶದಲ್ಲಿ ತಾತ್ಕಾಲಿಕ ಎನ್ನುವುದಕ್ಕೆ ಆಯುಸ್ಸು ಗಟ್ಟಿ. ಎರಡು ಚಳಿಗಾಲ ಕಳೆದವು, ಫಲಕದ ಬಣ್ಣ ಹೋಯಿತು, ಹೊಸ ಫಲಕ ಹಾಕಿದರು. ಅದರಲ್ಲೂ ತಾತ್ಕಾಲಿಕ ಎಂದೇ ಇತ್ತು.

ನನ್ನ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಜರ್ಮನ್ ಅಜ್ಜಿ ಇದ್ದಾರೆ. ಒಂಟಿ ಜೀವ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು, ಆ ಜೋರು ಇನ್ನೂ ಹೋಗಿಲ್ಲ. ಶನಿವಾರದ ಸಂತೆಗೆ ಹೋಗಿ, ಆಲೂಗಡ್ಡೆಯವನನ್ನು ಗದರಿಸಿ, ಚೀಸ್‌ನವಳ ಸಂಸಾರದ ಸುದ್ದಿ ಕೇಳಿ, ಎರಡು ಗಂಟೆ ಕಳೆದು ಬರುವುದು ಅವರ ವಾರದ ಹಬ್ಬ. ಅವರು ಸಂತೆಗೆ ಹೋಗುವುದು ನಿಂತಿತು. ಕೇಳಿದರೆ ಕಾಲುನೋವು ಎಂದರು. ಇನ್ನೊಮ್ಮೆ ಕೇಳಿದಾಗ ನನ್ನನ್ನು ಕೂರಿಸಿಕೊಂಡು ನಿಜ ಹೇಳಿದರು. ಹೋಗುವುದಕ್ಕೆ ಆಗುತ್ತದೆ, ವಾಪಸು ಬರುವ ತನಕ ತಡೆಯುವುದಕ್ಕೆ ಆಗುವುದಿಲ್ಲ. ಒಂದು ಸಲ ಟ್ರಾಮಿನಲ್ಲೇ ಆಗಬಾರದ್ದು ಆಗಿತ್ತು. ಎದುರಿಗೆ ಕೂತವರು ಎದ್ದು ಬೇರೆ ಕಡೆ ಹೋದರಂತೆ. ಅದಾದ ಮೇಲೆ ಅವರು ಮನೆ ಬಿಟ್ಟು ದೂರ ಹೋಗಿರಲಿಲ್ಲ.

ನಾನೂ ಅರವತ್ತರ ಹತ್ತಿರದವಳು, ಎರಡು ಹೆತ್ತವಳು. ಈ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಗರಸಭೆಗೆ ಬರೆದೆ. ಪರಿಶೀಲನೆಯಲ್ಲಿದೆ ಎಂದು ಬಹಳ ಸೌಜನ್ಯದ ಉತ್ತರ ಬಂತು. ಪಕ್ಷಗಳವರನ್ನು ಕಂಡೆ. ಒಬ್ಬರು ಸೈಕಲ್ಲಿನಿಂದ ಇಳಿಯದೆಯೇ, ಶೌಚಾಲಯವನ್ನು ಒಟ್ಟಾರೆ ಸಂಚಾರ ನೀತಿಯ ಚೌಕಟ್ಟಿನಲ್ಲಿ ನೋಡಬೇಕು ಎಂದರು. ಇನ್ನೊಬ್ಬರು, ಮೊದಲು ಕಾರ್ ಪಾರ್ಕಿಂಗ್ ಸಮಸ್ಯೆ ಬಗೆಹರಿಯಲಿ ಎಂದರು. ಮೂರನೆಯವರು ಒಂದು ಪೆನ್ನು ಕೊಟ್ಟರು. ಸರಿ, ಸೆಪ್ಟೆಂಬರಿನ ನಗರಸಭೆ ಚುನಾವಣೆಗೆ ನಾನೇ ನಿಲ್ಲುತ್ತೇನೆ ಎಂದು ಮನೆಗೆ ಬಂದು ಹೇಳಿದೆ. ನನ್ನ ಗಂಡ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನಿಲ್ಲು" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತದ್ದು ಅದು.

ಚುನಾವಣಾ ಕಚೇರಿಯ ಹೆಂಗಸು ನನ್ನನ್ನು ಕೂರಿಸಿ ನಿಯಮ ವಿವರಿಸಿದಳು. ಪಕ್ಷವಿಲ್ಲದೆ ನಿಲ್ಲುವವರಿಗೆ ಬೆಂಬಲದ ಸಹಿಗಳು ಬೇಕು. ನಮ್ಮ ವಾರ್ಡಿಗೆ ಹತ್ತೇ ಹತ್ತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಅದನ್ನು ಕಚೇರಿಯೇ ಕೊಡುತ್ತದೆ. ಸಹಿ ಮಾಡುವವರು ಅದೇ ವಾರ್ಡಿನ ಮತದಾರರಾಗಿರಬೇಕು, ತಮ್ಮ ಕೈಯಿಂದಲೇ ಮಾಡಬೇಕು. ಒಬ್ಬರು ಒಬ್ಬ ಅಭ್ಯರ್ಥಿಗೆ ಮಾತ್ರ ಸಹಿ ಮಾಡಬಹುದು; ಕೇಳಿದವರಿಗೆಲ್ಲ ಮಾಡಿಕೊಟ್ಟರೆ ಲೆಕ್ಕಕ್ಕಿಲ್ಲ. ಸಹಿ ಮಾಡಿದ ಮಾತ್ರಕ್ಕೆ ಅವರಿಗೇ ವೋಟು ಹಾಕಬೇಕು ಎಂದೇನಿಲ್ಲ. ಅಭ್ಯರ್ಥಿ ತನಗೆ ತಾನೇ ಸಹಿ ಹಾಕಿಕೊಳ್ಳಬಹುದು. ಈ ಕೊನೆಯದು ನನಗೆ ಬಹಳ ಇಷ್ಟವಾಯಿತು. ನನ್ನನ್ನು ನಾನೇ ಬೆಂಬಲಿಸಿಕೊಳ್ಳಲು ಸರ್ಕಾರದ ಅನುಮತಿ ಸಿಕ್ಕಿದ್ದು ಅದೇ ಮೊದಲು.

ಮತದಾರರು ಎಂದರೆ ಯಾರು? ಜರ್ಮನ್ ಪೌರರು, ಇಲ್ಲವೇ ಯುರೋಪಿಯನ್ ಒಕ್ಕೂಟದ ಬೇರೆ ಯಾವುದಾದರೂ ದೇಶದ ಪೌರರು. ಮೊನ್ನೆ ಮೊನ್ನೆ ಬಂದಿಳಿದ ಇಟಲಿಯ ಐಸ್‌ಕ್ರೀಮಿನವನು ಸಹಿ ಹಾಕಬಹುದು. ಇಪ್ಪತ್ತೈದು ವರ್ಷದಿಂದ ಇಲ್ಲೇ ತೆರಿಗೆ ಕಟ್ಟುತ್ತಿರುವ ನನ್ನ ಗಂಡ ಹಾಕುವಂತಿಲ್ಲ, ಯಾಕೆಂದರೆ ಅವರದು ಇಂದಿಗೂ ಭಾರತದ ನೀಲಿ ಪಾಸ್‌ಪೋರ್ಟು. ಅವರು ಅದರ ಬಗ್ಗೆ ಭಾಷಣ ಮಾಡುವುದಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಭಾಷಣ ಮಾಡುವವರು ನಮ್ಮ ಕನ್ನಡ ಬಳಗದ ಅಧ್ಯಕ್ಷರು. ಧಾರವಾಡದ ಕಡೆಯವರು, ನಿವೃತ್ತ ವಿಜ್ಞಾನಿ, ನಮ್ಮ ವಾರ್ಡಿನವರೇ. ಮಾತು ಸಕ್ಕರೆ. ನಾನು ಹತ್ತು ವರ್ಷದ ಹಿಂದೆ ಜರ್ಮನ್ ಪೌರತ್ವ ತೆಗೆದುಕೊಂಡಾಗ ಮುಚ್ಚಿಡದೆ ಎಲ್ಲರಿಗೂ ಹೇಳಿದ್ದೆ. ಭಾರತದ ಪಾಸ್‌ಪೋರ್ಟು ಬಿಟ್ಟುಕೊಟ್ಟ ದಿನ ಸಂಕಟವಾಗಿತ್ತು, ಅದನ್ನೂ ಹೇಳಿದ್ದೆ. ಆ ವರ್ಷದ ರಾಜ್ಯೋತ್ಸವದಲ್ಲಿ ಅಧ್ಯಕ್ಷರು ಮೈಕ್ ಹಿಡಿದು, "ಕೆಲವರು ಅನುಕೂಲಕ್ಕ ತಾಯಿನ್ನ ಬದಲಿ ಮಾಡ್ತಾರ. ನಾ ಅಂತೂ ಪ್ರಾಣ ಹೋದ್ರೂ ನೀಲಿ ಪಾಸ್‌ಪೋರ್ಟ್ ಬಿಡಾಂವಲ್ಲ" ಎಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು, ನನ್ನ ಕಡೆ ತಿರುಗಿ ನೋಡಿತು. ಮನೆಗೆ ಬಂದು ಅತ್ತುಬಿಟ್ಟೆ. ಅಂದಿನಿಂದ ಬಳಗದಲ್ಲಿ ನನಗೆ ‘ಜರ್ಮನ್ ಅಕ್ಕ’ ಎಂದು ಹೆಸರಾಯಿತು. ಎದುರಿಗೆ ಯಾರೂ ಕರೆಯುವುದಿಲ್ಲ, ಮಕ್ಕಳು ಮಾತ್ರ ಪಾಪ, ಅದೇ ನನ್ನ ನಿಜವಾದ ಹೆಸರು ಅಂದುಕೊಂಡಿವೆ.

ಇಷ್ಟಾದರೂ ನನಗೊಂದು ಹುಚ್ಚು ಹಟ. ನನ್ನ ಸಹಿ, ಅಜ್ಜಿಯ ಸಹಿ ಬಿಟ್ಟರೆ ಉಳಿದ ಎಂಟೂ ನಮ್ಮವರದೇ ಇರಲಿ. ಹತ್ತಿರದಲ್ಲೇ ರಾಸಾಯನಿಕ ಕಾರ್ಖಾನೆ, ಸಾಫ್ಟ್‌ವೇರ್ ಆಫೀಸು ಇರುವುದರಿಂದ ನಮ್ಮ ವಾರ್ಡಿನಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ದಶಕಗಳಿಂದ ನೆಲೆಸಿದವರಲ್ಲಿ ಎಂಟು ಮಂದಿಯಾದರೂ ಪೌರತ್ವ ಪಡೆದಿರದೆ ಇರುತ್ತಾರೆಯೇ? ಒಬ್ಬ ಕನ್ನಡದವಳು ಇಲ್ಲಿನ ಚುನಾವಣೆಗೆ ನಿಂತಿದ್ದಾಳೆ, ಕನ್ನಡದವರೇ ನಿಲ್ಲಿಸಿದ್ದಾರೆ ಅಂತ ಆಗಲಿ. ಹೀಗೆಲ್ಲ ನಾನೂ ಒಂದು ಭಾಷಣ ಮನಸ್ಸಿನಲ್ಲೇ ಮಾಡಿಕೊಂಡೆ.

ಬೇಸಿಗೆಯಲ್ಲಿ ಬಳಗದವರು ಪಾರ್ಕಿನಲ್ಲಿ ಗ್ರಿಲ್ ಪಾರ್ಟಿ ಮಾಡುತ್ತಾರೆ. ಒಂದು ಕಡೆ ಪನೀರ್ ಸುಡುತ್ತದೆ, ಇನ್ನೊಂದು ಕಡೆ ಕೋಳಿ ಸುಡುತ್ತದೆ, ನಡುವೆ ಚಿತ್ರಾನ್ನದ ಪಾತ್ರೆ ಕಾವಲು. ನಾನು ಚಿತ್ರಾನ್ನದ ಪಕ್ಕದಲ್ಲೇ ಒಂದು ಮಡಿಸುವ ಮೇಜು ಹಾಕಿ, ಹಾಳೆಗಳನ್ನು ಜೋಡಿಸಿ, ಆ ಮೂರನೆಯ ಪಕ್ಷದವರ ಪೆನ್ನನ್ನೇ ಇಟ್ಟು ಕೂತೆ. ಚಿತ್ರಾನ್ನಕ್ಕೆ ಬಂದವರು ನನ್ನನ್ನು ದಾಟಿಯೇ ಹೋಗಬೇಕಲ್ಲ.

ಬಂದರು. ಎಲ್ಲರೂ ಬಂದರು. ಹಾಳೆಯನ್ನು ಎತ್ತಿ ನೋಡಿದರು. "ಸೂಪರ್ ಅಕ್ಕಾ, ಪ್ರೌಡ್ ಆಫ್ ಯೂ" ಎಂದರು. ನನ್ನ ಜೊತೆ ಸೆಲ್ಫಿ ತೆಗೆಸಿಕೊಂಡರು. ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾದ ಮೇಲೆ ಹೊಸದಾಗಿ ಬಂದ ಹುಡುಗರು, "ನಮ್ದು ಆಗಲ್ಲ ಅಕ್ಕಾ, ಆಗಿದ್ರೆ ಫಸ್ಟ್ ನಾವೇ" ಎಂದು ನೇರವಾಗಿ ಹೇಳಿ ಹೋದರು. ಹಳಬರು ಮಾತ್ರ, ಇಲ್ಲಿಯೇ ಮನೆ ಕಟ್ಟಿಸಿದವರು, ಮಕ್ಕಳ ಮದುವೆ ಮಾಡಿದವರು, ಇಲ್ಲಿನ ಪಿಂಚಣಿ ತಿನ್ನುವವರು, ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಓದಿ, ಅಕ್ಕಪಕ್ಕ ನೋಡಿ, ಹುಷಾರಾಗಿ ಕೆಳಗಿಟ್ಟು ಚಿತ್ರಾನ್ನಕ್ಕೆ ನಡೆದರು.

ಅಧ್ಯಕ್ಷರು ತಟ್ಟೆ ಹಿಡಿದು ಬಂದು ನಿಂತರು. "ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಲೈಬ್ರರಿ ಅನ್ರಿ, ಯೋಗಾ ಸೆಂಟರ್ ಅನ್ರಿ, ನಾವೆಲ್ಲಾ ಬೆನ್ನಿಗೆ ನಿಲ್ತೇವಿ. ಸಂಡಾಸಕ್ಕ ಯಾರರೇ ಎಲೆಕ್ಷನ್ ನಿಲ್ತಾರೇನ್ರಿ?"

"ಸಂಡಾಸಕ್ಕೆ ಯಾರಾದ್ರೂ ಹೋಗ್ತಾರಾ ಸಾರ್?" ಎಂದು ಕೇಳಿದೆ. ಸುತ್ತಲಿದ್ದವರು ನಕ್ಕರು. ಅವರೂ ನಕ್ಕು, ಪನೀರಿನ ಕಡೆ ಹೋದರು. ಸಂಜೆಯಾಯಿತು, ಚಿತ್ರಾನ್ನ ಖಾಲಿಯಾಯಿತು, ಹಾಳೆಗಳು ಖಾಲಿಯೇ ಉಳಿದವು.

ಅಂದು ಸಂಜೆ ನನ್ನ ಗೆಳತಿ ಫೋನು ಮಾಡಿದಳು. ದಾವಣಗೆರೆಯವಳು, ಮಕ್ಕಳ ಡಾಕ್ಟರು, ನನ್ನ ಓರಗೆಯವಳು. "ನಿನಗೆ ಬುದ್ಧಿ ಇದೆಯೇನೇ? ಎಲ್ಲರ ಮುಂದೆ ಮೇಜು ಹಾಕ್ಕೊಂಡು ಕೂತ್ರೆ ಯಾರು ಬಂದು ಸೈನ್ ಮಾಡ್ತಾರೆ? ಮಾಡಿದ್ರೆ ಪಾಸ್‌ಪೋರ್ಟ್ ಬದಲಾಯಿಸಿದ್ದು ಗೊತ್ತಾಗಲ್ವಾ?"

"ಗೊತ್ತಾದ್ರೆ ಏನೇ?"

"ನಿನಗೆ ಏನಾಯ್ತು ಅಂತ ಎಲ್ಲರೂ ನೋಡಿದಾರಲ್ಲ."

ಆಮೇಲೆ ಅವಳೇ, "ನಾಳೆ ಮನೆ ಹತ್ರ ಬಾ, ನಾನು ಹಾಕ್ತೀನಿ" ಎಂದಳು.

"ನೀನಾ? ನೀನು ಯಾವಾಗ ಆದೆ?"

"ಆಗಿದ್ದೀನಿ ಬಿಡೇ."

ಹೀಗೆ ನನಗೆ ಜ್ಞಾನೋದಯವಾಯಿತು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಇಲ್ಲಿನದು ಬೇಕೆಂದರೆ ಅಲ್ಲಿನದು ಬಿಡಬೇಕು. ಬಿಟ್ಟಿದ್ದರು, ಬಹಳ ಜನ ಬಿಟ್ಟಿದ್ದರು. ಬಿಟ್ಟು, ಬಾಯಿ ಮುಚ್ಚಿಕೊಂಡು, ಆಗಸ್ಟ್ ಹದಿನೈದಕ್ಕೆ ಎದೆಗೆ ತ್ರಿವರ್ಣದ ಬ್ಯಾಡ್ಜು ಚುಚ್ಚಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಗೊತ್ತಿಲ್ಲ. ಬಹಿರಂಗವಾಗಿ ಹೇಳಿಕೊಂಡ ದಡ್ಡಿ ನಾನೊಬ್ಬಳೇ.

ಮಾರನೆಯ ದಿನದಿಂದ ಮೇಜು ಮಡಿಸಿಟ್ಟು ಕಳ್ಳ ವ್ಯಾಪಾರ ಶುರು ಮಾಡಿದೆ. ಬಳಗದಲ್ಲಿ ಒಬ್ಬೊಬ್ಬರಿಗೇ, ಯಾರಿಗೂ ಹೇಳುವುದಿಲ್ಲ ಎಂದು ಸಂದೇಶ ಕಳಿಸಿದೆ. ಕರೆಗಳು ಬಂದವು. ಒಬ್ಬರು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ, ಕಾರಿನ ಗಾಜು ಅರ್ಧ ಇಳಿಸಿ, ಸ್ಟೀರಿಂಗಿನ ಮೇಲೆ ಹಾಳೆ ಇಟ್ಟುಕೊಂಡು ಸಹಿ ಹಾಕಿದರು. ಇನ್ನೊಬ್ಬಾಕೆ ತಮ್ಮ ಕಟ್ಟಡದ ವಾಶ್‌ಕೆಲ್ಲರಿಗೆ ಕರೆದರು. ಆ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳ ಬಟ್ಟೆ ಒಗೆಯುವ ಯಂತ್ರಗಳಿರುತ್ತವೆ, ಅವುಗಳ ಸದ್ದಿನಲ್ಲಿ ನಮ್ಮ ಮಾತು ಕೇಳಿಸುವುದಿಲ್ಲ ಎಂಬ ಧೈರ್ಯ. ಇನ್ನೊಬ್ಬ ಡಾಕ್ಟರು ಕ್ಲಿನಿಕ್ಕಿಗೇ ಬರಹೇಳಿ, ನರ್ಸಿಗೆ ಅನುಮಾನ ಬಾರದಿರಲಿ ಎಂದು ನನ್ನ ಬಿಪಿ ನೋಡಿದರು. ಜಾಸ್ತಿ ಇತ್ತು, ಇರದೆ ಏನು? ಎಲ್ಲರದೂ ಒಂದೇ ವಿವರಣೆ: ಮಕ್ಕಳಿಗೋಸ್ಕರ ಮಾಡಿಸಿದ್ದು, ವೀಸಾ ತಾಪತ್ರಯಕ್ಕೆ ಮಾಡಿಸಿದ್ದು, ಮನಸ್ಸಿನಿಂದ ಅಲ್ಲ. ಎಲ್ಲರದೂ ಒಂದೇ ಬೇಡಿಕೆ: ಅಧ್ಯಕ್ಷರ ಕಿವಿಗೆ ಬೀಳಬಾರದು.

ನನ್ನದು, ಅಜ್ಜಿಯದು ಸೇರಿ ಏಳಾಯಿತು, ಎಂಟಾಯಿತು. ಕೊನೆಯ ವಾರ ಒಬ್ಬ ಇಂಜಿನಿಯರ್ ತನ್ನದೂ ಹೆಂಡತಿಯದೂ ಎರಡು ಹಾಳೆ ತಂದುಕೊಟ್ಟ. ಹತ್ತು ಭರ್ತಿಯಾಯಿತೆಂದು ನಾನು ಅವನಿಗೆ ಕಾಫಿ ಮಾಡಿ ಕೊಟ್ಟೆ. ಅವನು ಹೋದ ಮೇಲೆ ನೋಡುತ್ತೇನೆ, ಎರಡೂ ಸಹಿ ಅಣ್ಣ ತಮ್ಮಂದಿರ ಹಾಗಿವೆ. ಫೋನು ಮಾಡಿದೆ. "ಅವಳು ಮೈಸೂರಲ್ಲಿದಾಳೆ ಅಕ್ಕಾ, ನಾನೇ ಹಾಕ್ಬಿಟ್ಟೆ. ನಮ್ಮಿಬ್ರದೂ ಒಂದೇ ಅಲ್ವಾ?"

"ಗ್ಯಾಸ್ ಸಿಲಿಂಡರ್ ಇಳಿಸ್ಕೊಂಡು ಸೈನ್ ಹಾಕಿದ್ದಾ ಇದು? ಅವಳ ಸಹಿ ನೀನು ಹಾಕೋದು ಅಪರಾಧ ಕಣಯ್ಯಾ."

"ಅಯ್ಯೋ, ಅವಳ ಬ್ಯಾಂಕ್ ಪೇಪರ್‌ಗೂ ನಾನೇ ಹಾಕೋದು ಅಕ್ಕಾ" ಎಂದ. ಒಳ್ಳೆಯ ಹುಡುಗನೇ. ಹೆಂಡತಿಯ ಹೆಸರಿನ ಹಾಳೆಯನ್ನು ಹರಿದು ಹಾಕಿದೆ.

ಒಂದು ಸಹಿ ಕಮ್ಮಿ. ಹಾಳೆಗಳನ್ನು ಕೊಡಬೇಕಾದ ಕೊನೆಯ ದಿನ ಬಂದೇಬಿಟ್ಟಿತು, ಸಂಜೆ ಆರರ ನಂತರ ತೆಗೆದುಕೊಳ್ಳುವುದಿಲ್ಲ. ಅಷ್ಟರಲ್ಲಿ ಶಾಲೆಗಳ ರಜೆ ಶುರುವಾಗಿ ಜರ್ಮನ್ ನೆರೆಯವರೆಲ್ಲ ಸಮುದ್ರದ ಕಡೆ ಹೊರಟುಹೋಗಿದ್ದರು. ಬೀದಿಗೆ ಬೀದಿಯೇ ಕಿಟಕಿ ಮುಚ್ಚಿ ಮಲಗಿತ್ತು. ಬೆಳಿಗ್ಗೆ ಚೌಕಕ್ಕೆ ಹೋಗಿ ನಿಂತೆ. ಸಿಕ್ಕ ಐದಾರು ಮಂದಿಯಲ್ಲಿ ಅರ್ಧ ಜನ ರಸ್ತೆಯ ಆಚೆ ಬದಿಯವರು. ವಾರ್ಡಿನ ಗಡಿ ಆ ರಸ್ತೆಯ ನಟ್ಟನಡುವೆ ಹೋಗುತ್ತದೆ, ಐಸ್‌ಕ್ರೀಮಿನವನೂ ಆಚೆಯವನೇ. ಈ ಕಡೆಯವರು ಪಾರ್ಕಿಂಗ್ ಬೇಕೆಂಬ ಇನ್ನೊಬ್ಬ ಪಕ್ಷೇತರನಿಗೆ ಆಗಲೇ ಸಹಿ ಹಾಕಿದ್ದರು. ಮನೆಗೆ ಬಂದೆ. ಅಜ್ಜಿ ಬಾಗಿಲಲ್ಲೇ ನಿಂತು ಕಣ್ಣಲ್ಲೇ ಕೇಳಿದರು. ಇನ್ನೂ ಇಲ್ಲ ಎಂದೆ. ಅವರು ಪರವಾಗಿಲ್ಲ ಎನ್ನಲಿಲ್ಲ, ಒಳಗೆ ಹೋಗಿ ಮೆಲ್ಲಗೆ ಬಾಗಿಲು ಹಾಕಿಕೊಂಡರು. ಅದರಿಂದ ನನಗೆ ಎಷ್ಟು ನೋವಾಯಿತೆಂದರೆ, ಮಾನ ಮರ್ಯಾದೆ ಬಿಟ್ಟು ಬಳಗದ ವಾಟ್ಸಾಪಿನಲ್ಲಿ ಬಹಿರಂಗವಾಗಿ ಹಾಕಿದೆ: ಒಂದೇ ಒಂದು ಸಹಿ ಬೇಕು, ಆರು ಗಂಟೆಯೊಳಗೆ.

ಹತ್ತು ನಿಮಿಷದಲ್ಲಿ ಕೈ ಮುಗಿದ ಚಿತ್ರಗಳು, ಹೂಗುಚ್ಛಗಳು, ‘ಆಲ್ ದಿ ಬೆಸ್ಟ್ ಅಕ್ಕಾ’ಗಳು ಸಾಲುಗಟ್ಟಿ ಬಂದವು. ಯಾರೋ ಪುಣ್ಯಾತ್ಮರು ಝಾನ್ಸಿ ರಾಣಿಯ ಚಿತ್ರ ಹಾಕಿದರು. ಸಹಿ ಮಾತ್ರ ಬರಲಿಲ್ಲ.

ನಾಲ್ಕೂವರೆಗೆ ಬಾಗಿಲ ಗಂಟೆ ಸದ್ದು ಮಾಡಿತು. ನೋಡಿದರೆ ಅಧ್ಯಕ್ಷರು. ಕೈಯಲ್ಲಿ ಒಂದು ಚೀಲ.

"ಶೇಂಗಾ ಚಟ್ನಿಪುಡಿ ಕಳಿಸ್ಯಾಳ್ರಿ ನಮ್ಮಾಕಿ" ಎನ್ನುತ್ತ ಒಳಗೆ ಬಂದು ಕೂತರು. ಕಿಟಕಿಯ ಕಡೆ ನೋಡಿ, "ಪರದೆ ಸ್ವಲ್ಪ ಎಳೀರಿ ಅಕ್ಕಾರ" ಎಂದರು. ಎಳೆದೆ. "ಫಾರ್ಮ್ ಐತೇನ್ರಿ?"

ನನಗೆ ಅರ್ಥವಾಯಿತು. ಆದರೂ ಬಿಡುವಳಲ್ಲ ನಾನು. "ಯಾವ ಫಾರ್ಮ್ ಸಾರ್? ನೀವು ಇಂಡಿಯನ್ ಅಲ್ವಾ?"

"ಮನಸಿನಾಗ ಇಂಡಿಯನ್ನ ಅದೀನ್ರಿ."

"ಕಚೇರಿಯವರು ಮನಸ್ಸು ನೋಡಲ್ಲ ಸಾರ್."

"ಅವ್ರು ನೋಡೂದೂ ಆಗೇದ್ರಿ." ತಲೆ ತಗ್ಗಿಸಿದರು. "ನಿಮಗಿಂತ ಎರಡು ವರ್ಷ ಮೊದಲ."

ಎರಡು ವರ್ಷ ಮೊದಲು. ಹಾಗಾದರೆ ಆ ರಾಜ್ಯೋತ್ಸವದ ದಿನ, ಮೈಕಿನ ಮುಂದೆ ನನ್ನ ತಾಯಿಯ ಲೆಕ್ಕ ತೆಗೆಯುತ್ತಿದ್ದಾಗ, ಇವರ ಕಪಾಟಿನಲ್ಲಿ ಕೆಂಪು ಜರ್ಮನ್ ಪಾಸ್‌ಪೋರ್ಟು ಎರಡು ವರ್ಷದಿಂದ ಬೆಚ್ಚಗೆ ಮಲಗಿತ್ತು. ಎದ್ದು ಬಾಗಿಲು ತೋರಿಸಿಬಿಡಲೇ ಅನ್ನಿಸಿತು. ಆದರೆ ಗಡಿಯಾರ ನನ್ನ ಕಡೆ ಇರಲಿಲ್ಲ.

"ಆವತ್ತು ಎಲ್ಲರ ಮುಂದೆ ನನ್ನನ್ನ ತಾಯಿ ಬದಲಾಯಿಸಿದೋಳು ಅಂದ್ರಿ."

"ಭಾಷಣ ಅಲ್ರೀ ಅದು? ಭಾಷಣದಾಗ ಒಂದು ಮಾತು ಬರ್ತದ, ಹೋಗ್ತದ."

"ಈಗ ಯಾಕೆ ಬಂದ್ರಿ?"

ಅವರು ಚೀಲದ ಹಿಡಿಕೆ ಸುತ್ತುತ್ತ ಕೂತರು. "ಪ್ರಾಸ್ಟೇಟ್ ಅದ ರೀ" ಎಂದರು ಕೊನೆಗೆ. "ಟ್ರಾಮ್ ಇಳದು ಮನಿ ಮುಟ್ಟೂತನಕಾ ನನ್ನ ಅವಸ್ಥಿ ಆ ದೇವರಿಗೇ ಗೊತ್ತು. ಒಮ್ಮೆ ಆ ಬೀಗ ಹಾಕಿದ ಬಾಗಲದ ಮುಂದನ..." ಸಿಟ್ಟಿನ ನಡುವೆಯೂ ಅಯ್ಯೋ ಅನ್ನಿಸಿತು, ಅದು ಸುಳ್ಳಲ್ಲ.

ಹಾಳೆ ಕೊಟ್ಟೆ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ದುಂಡಗೆ ಬರೆದು ಸಹಿ ಹಾಕಿದರು. ಏಳುವಾಗ ಮತ್ತೆ ಅಧ್ಯಕ್ಷರಾದರು. "ಸಹಿ ಹಾಕೇನಿ ಅಂದ್ರ ವೋಟ್ ಹಾಕ್ತೇನಿ ಅಂತ ಅಲ್ಲ ಮತ್ತ. ಮತ್ತ ಇದು ನಮ್ಮಿಬ್ಬರೊಳಗ ಇರ್ಲಿ." ಕಾಯಿದೆಯ ಪ್ರಕಾರ ಎರಡೂ ಸರಿ. ನಾನು ಟ್ರಾಮ್ ಹಿಡಿದು ಓಡಿದೆ. ಕಚೇರಿಯ ಹೆಂಗಸು ಒಂದೊಂದೇ ಹೆಸರನ್ನು ಮತದಾರರ ದಾಖಲೆಯಲ್ಲಿ ನೋಡಿ ಮುದ್ರೆ ಒತ್ತಿ, "ಹತ್ತು, ಸರಿಯಾಗಿದೆ" ಎಂದಳು. ಮನೆಗೆ ಬಂದು ಅಜ್ಜಿಗೆ ಹೇಳಿದಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಜರ್ಮನ್ನರು ಸುಮ್ಮನೆ ಮುಟ್ಟುವವರಲ್ಲ.

ಸೆಪ್ಟೆಂಬರಿನ ಫಲಿತಾಂಶ ಹೇಳುವಂಥದ್ದೇನಲ್ಲ. ನಾನು ಸೋತೆ, ಪೆನ್ನು ಕೊಟ್ಟವರ ಪಕ್ಷ ಗೆದ್ದಿತು, ಶೌಚಾಲಯ ಇನ್ನೂ ಪರಿಶೀಲನೆಯಲ್ಲಿದೆ. ಆ ಸೋಲನ್ನು ನಾನು ಮರೆತೇನು. ಮರೆಯಲಾಗದ್ದು ಅದಕ್ಕೆ ಮುಂಚಿನದು, ಆಗಸ್ಟ್ ಹದಿನೈದರದು.

ಆ ದಿನ ಬಳಗದ ಸಭೆಗೆ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆ. ಸಭಾಂಗಣದಲ್ಲಿ ಟಾಯ್ಲೆಟ್ ಇದೆಯೇ ಎಂದು ಕೇಳಿ, ಇದೆ ಎಂದ ಮೇಲೆ ಹೊರಟರು. ಮಕ್ಕಳು ಜನಗಣಮನ ಹಾಡಿದರು, ಲಾಡು ಹಂಚಿದರು. ಆಮೇಲೆ ಅಧ್ಯಕ್ಷರು ಮೈಕ್ ಹಿಡಿದರು. ನನ್ನ ಕಡೆ ನೋಡದೆ, ಕೈ ಎತ್ತಿ, "ಈ ಮಣ್ಣಾಗ ನಲವತ್ತು ವರ್ಷ ಇದ್ದೇನಿ, ಆದ್ರ ಪ್ರಾಣ ಹೋದ್ರೂ ನೀಲಿ ಪಾಸ್‌ಪೋರ್ಟ್ ಬಿಡಾಂವಲ್ಲ" ಎಂದರು. ಸಭೆ ಎದ್ದು ನಿಂತಿತು.

ಅಜ್ಜಿ ನನ್ನ ತೋಳು ಜಗ್ಗಿ, ಅವರು ಏನು ಹೇಳಿದರು, ಎಲ್ಲರಿಗೂ ಯಾಕಿಷ್ಟು ಸಂತೋಷ ಎಂದು ಕೇಳಿದರು. ಎಷ್ಟು ವರ್ಷ ಇದ್ದರೂ ಜರ್ಮನ್ ಪೌರ ಆಗುವುದಿಲ್ಲ ಅಂತ ಹೇಳುತ್ತಿದ್ದಾರೆ ಎಂದೆ.

ಅಜ್ಜಿ ಸಭೆಯನ್ನೆಲ್ಲ ಒಮ್ಮೆ ನೋಡಿದರು. "ಪಾಪ," ಎಂದರು, "ಇಷ್ಟು ಜನ ನಿನ್ನವರು ಇದ್ದಾರೆ, ಆದರೆ ಒಬ್ಬರಿಗೂ ನಿನಗೆ ಸಹಿ ಹಾಕಲು ಆಗಲಿಲ್ಲವಲ್ಲ." ಸ್ವಲ್ಪ ಯೋಚಿಸಿದರು. "ಹಾಗಾದರೆ ನಿನ್ನದು, ನನ್ನದು ಬಿಟ್ಟು ಉಳಿದ ಆ ಎಂಟು ಜನ ಯಾರೋ, ಧೈರ್ಯವಂತರು. ಸಿಕ್ಕರೆ ನನ್ನ ಪರವಾಗಿ ಥ್ಯಾಂಕ್ಸ್ ಹೇಳು."

ಹೇಳುತ್ತೇನೆ ಎಂದೆ. ಒಬ್ಬರು ವೇದಿಕೆಯ ಮೇಲೆ ಕೈ ಮುಗಿಯುತ್ತಿದ್ದರು, ಉಳಿದ ಏಳು ಮಂದಿ ನಮ್ಮ ಮುಂದಿನ ಸಾಲಿನಲ್ಲೇ ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.